ಹಿತ್ತಿಲ ಮಾತು: ಹಿಮ ಹೊಡೆದ ಬಾಳೆಗೊನೆ

ಊರಿನಿಂದ ಗೋಣಿತಾಟಿನಲ್ಲಿ ಸುತ್ತಿ ತಂದ ಬಾಳೆಯ ಕಂದು ದಿಲ್ಲಿಯ ಹಿತ್ತಿಲಲ್ಲಿ ಗೊನೆ ಹಾಕಿತೆಂದರೆ ಮನೆಮಂದಿಗೆಲ್ಲ ಸಂಭ್ರಮ. ಆದರೆ ಕಾಯಿ ಬಲಿಯುವ ಮೊದಲೇ ಪುಷ್ಯಮಾಸ ಬಂದುಬಿಡುತ್ತದೆ. ಇಲ್ಲಿಯ ಚಳಿ ನಮ್ಮ ಮಲೆನಾಡಿನ ಚಳಿಯಲ್ಲ. 2021ರ ಜನವರಿ 1ರಂದು ಸಫ್ದರ್‌ಜಂಗ್‌ನಲ್ಲಿ ಉಷ್ಣಮಾನ 1.1 ಡಿಗ್ರಿಗೆ ಇಳಿದಿತ್ತು. ಇಂಥ ರಾತ್ರಿಗಳಲ್ಲಿ ಬಯಲಿನ ಇಬ್ಬನಿ ಹೆಪ್ಪುಗಟ್ಟುವುದುಂಟು. ಇಲ್ಲಿಯವರು ಅದನ್ನು ‘ಪಾಲಾ’ ಎನ್ನುತ್ತಾರೆ. ಅದು ತಗುಲಿದ ಬಾಳೆಯೆಲೆ ಬೇಯಿಸಿದಂತೆ ಬಾಡಿ, ಒಂದೆರಡು ದಿನಗಳಲ್ಲಿ ಕಪ್ಪಾಗಿ ಜೋತುಬೀಳುತ್ತದೆ.

ಹೀಗಾದಾಗ ನಾವು ಮೊದಲು ಹೇಳುವ ಮಾತು, ಕುಡುಗೋಲನ್ನು ಕೆಳಗಿಡಿ ಎಂಬುದು. ಜೋತುಬಿದ್ದ ಒಣ ಎಲೆಯೇ ಗಿಡಕ್ಕೆ ಕಂಬಳಿ. ಶಿವ ಶಿವಾ ಎಂದು ಚಳಿ ಹೋಗುವ ಶಿವರಾತ್ರಿಯವರೆಗೆ ಅದು ಹಾಗೆಯೇ ಇರಲಿ.

ಗೊನೆ ಹಾಕದ ಗಿಡ ಬಿಸಿಲೇರಿದೊಡನೆ ಹೊಸ ಸುಳಿ ತೆಗೆದೀತು. ಗೊನೆ ಹಾಕಿದ್ದಕ್ಕೆ ಆ ಭಾಗ್ಯವಿಲ್ಲ. ಸುಳಿಯೇ ಹೂವಾಗಿ ಹೊರಬಂದ ಮೇಲೆ ಇನ್ನೊಂದು ಎಲೆ ಹುಟ್ಟುವುದೆಲ್ಲಿಂದ? ಉಳಿದ ಎಲೆಗಳೇ ಗೊನೆಗೆ ಉಣಿಸಬೇಕು. ಅರ್ಧ ಸುಟ್ಟ ಎಲೆಯಲ್ಲೂ ಹಸಿರಿದ್ದಷ್ಟು ಭಾಗ ದುಡಿಯುತ್ತದೆ. ಆದ್ದರಿಂದ ಬೀಗರೇ ಬಂದರೂ ಈ ಗಿಡದ ಎಲೆ ಕೊಯ್ಯಕೂಡದು. ಸ್ಟೀಲ್ ತಟ್ಟೆಯಲ್ಲೇ ಬಡಿಸಿ.

ನಾಲ್ಕೈದು ಹಸಿರೆಲೆ ಉಳಿದಿದ್ದರೆ ಕಾಯಿ ನಿಧಾನವಾಗಿಯಾದರೂ ತುಂಬೀತು. ಕೊನೆಯ ಚಿಪ್ಪಿನ ಕೆಳಗೆ ತೂಗುವ ಹೂವನ್ನು ಕತ್ತರಿಸಿ ಪಲ್ಯಕ್ಕೆ ಬಳಸಿಕೊಳ್ಳಿ. ಸಂಜೆ ಗೊನೆಗೆ ಹಳೆಯ ಪಂಚೆಯನ್ನೋ ಗೋಣಿಯನ್ನೋ ಸುತ್ತಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ಬಿಚ್ಚಿರಿ. ಗಿಡಕ್ಕೊಂದು ಬಿದಿರಿನ ಊರುಗೋಲು ಕೊಡಿ. ಪಾಪ, ಸೊರಗಿದೆಯೆಂದು ಕೊಡಗಟ್ಟಲೆ ನೀರು ಸುರಿಯುವವರುಂಟು. ಚಳಿಯಲ್ಲಿ ಬೇರು ಅಷ್ಟು ನೀರು ಕುಡಿಯುವುದಿಲ್ಲ, ಗಡ್ಡೆ ಕೊಳೆಯುತ್ತದೆ. ಗೊಬ್ಬರವೂ ಈಗ ಬೇಡ.

ಒಂದೆಲೆಯೂ ಉಳಿಯದಿದ್ದರೆ ಕಾಯಿಯನ್ನು ಮುಟ್ಟಿ ನೋಡಿ. ಏಣು ಮಾಸಿ ಗುಂಡಾಗಿದ್ದರೆ ಗೊನೆ ಇಳಿಸಿ ಬಜ್ಜಿ, ಪಲ್ಯ ಮಾಡಿಕೊಳ್ಳಿ. ಚಳಿ ತಿಂದ ಕಾಯಿಯ ಸಿಪ್ಪೆ ಬೂದುಬಣ್ಣಕ್ಕೆ ತಿರುಗುತ್ತದೆ, ಸರಿಯಾಗಿ ಹಣ್ಣಾಗುವುದು ಕಷ್ಟ. ಕಾಯಿ ಇನ್ನೂ ಬೆರಳಿನಷ್ಟು ಸಣ್ಣದಿದ್ದರೆ ಆ ಗೊನೆಯ ಆಸೆ ಬಿಡುವುದೇ ಲೇಸು.

ಗೊನೆ ಹೋದರೂ ಬುಡದ ಗಡ್ಡೆ ಮಣ್ಣಿನೊಳಗೆ ಬೆಚ್ಚಗಿರುತ್ತದೆ. ಚಳಿ ಕಳೆದ ಮೇಲೆ ಕಾಂಡವನ್ನು ಒತ್ತಿ ನೋಡಿ, ಮೆತ್ತಗಾಗಿ ನಾರುವಷ್ಟನ್ನು ಕಡಿದುಹಾಕಿ. ಕತ್ತಿಯಂಥ ಸಪೂರ ಎಲೆಯ ಒಂದು ಗಟ್ಟಿ ಕಂದನ್ನು ಉಳಿಸಿ, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೂದಿ ಹಾಕಿ. ಮಿಕ್ಕ ಕಂದುಗಳಲ್ಲಿ ಒಂದನ್ನು ಬೇರುಸಹಿತ ಕಿತ್ತು ಮನೆಯ ದಕ್ಷಿಣದ ಗೋಡೆಯ ಮಗ್ಗುಲಿಗೆ ನೆಡಿ. ಹಗಲೆಲ್ಲ ಬಿಸಿಲು ಕಾಯಿಸಿಕೊಂಡ ಗೋಡೆ ರಾತ್ರಿ ಗಿಡಕ್ಕೆ ಬಿಸಿ ಕೊಡುತ್ತದೆ.