ಬೆಳದಿಂಗಳ ಬಾಲೆಗೆ ಮೂವತ್ತು: ನೋಡಿದವರ ತಕರಾರು ಇನ್ನೂ ಮುಗಿದಿಲ್ಲ

1995ರಲ್ಲಿ ತೆರೆಗೆ ಬಂದ ‘ಬೆಳದಿಂಗಳ ಬಾಲೆ’ಗೆ ಮೂವತ್ತು ವರ್ಷ ತುಂಬಿದೆ. ಸುನೀಲ್ ಕುಮಾರ್ ದೇಸಾಯಿ ನಿರ್ದೇಶಿಸಿ, ಅನಂತ್ ನಾಗ್ ನಟಿಸಿದ ಈ ಚಿತ್ರಕ್ಕೆ ಆಧಾರ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ವೆನ್ನೆಲ್ಲೋ ಆಡಪಿಲ್ಲ’. ಇಷ್ಟು ವರ್ಷಗಳಲ್ಲಿ ನಮ್ಮ ಅಂತರಸನಹಳ್ಳಿಯಲ್ಲಿ, ತುಮಕೂರು ಪೇಟೆಯಲ್ಲಿ, ಗುಬ್ಬಿ ಕುಣಿಗಲ್ ಕಡೆಯ ನೆಂಟರ ಮನೆಗಳಲ್ಲಿ ಇದರ ಬಗ್ಗೆ ಕಿವಿಗೆ ಬಿದ್ದ ಮಾತುಗಳನ್ನೆಲ್ಲ ಕೂಡಿಸಿ ನೋಡಿದರೆ, ಚಿತ್ರ ಚೆನ್ನಾಗಿಲ್ಲ ಎಂದವರು ತೀರಾ ಕಡಿಮೆ. ಕೊನೆ ಹಾಗಾಗಬಾರದಿತ್ತು ಎಂದವರೇ ಬಹಳ.

ಕಥೆ ಗೊತ್ತಿಲ್ಲದ ಎಳೆಯರಿಗಾಗಿ ಎರಡು ಮಾತು. ರೇವಂತ್ ಚದುರಂಗದ ಗ್ರ್ಯಾಂಡ್‌ಮಾಸ್ಟರ್. ಒಂದು ದಿನ ಗುರುತಿಲ್ಲದ ಹುಡುಗಿಯೊಬ್ಬಳ ಫೋನ್ ಬರುತ್ತದೆ. ಅವಳು ಹೆಸರು ಹೇಳುವುದಿಲ್ಲ, ನಂಬರ್ ಕೊಡುವುದಿಲ್ಲ. ಒಗಟು ಒಡ್ಡುತ್ತಾಳೆ, ಗಡುವು ಹಾಕುತ್ತಾಳೆ, ಸುಳಿವು ಕೊಟ್ಟು ನಗುತ್ತಾಳೆ. ಲೆಕ್ಕದಲ್ಲಿ, ತರ್ಕದಲ್ಲಿ ಎದುರಾಳಿಗಳನ್ನು ಮಣಿಸುವ ಮನುಷ್ಯ ಒಂದು ದನಿಯ ಹಿಂದೆ ಊರೆಲ್ಲ ಅಲೆಯುತ್ತಾನೆ. ನೋಡುವವರು ಅವನ ಪೇಚಾಟಕ್ಕೆ ನಗುತ್ತಲೇ ಅವನ ಜೊತೆ ಲೆಕ್ಕ ಹಾಕುತ್ತಾರೆ. ಉತ್ತರ ಸಿಕ್ಕಿ ಅವಳ ಮನೆ ಬಾಗಿಲಿಗೆ ಅವನು ಬರುವಷ್ಟರಲ್ಲಿ ಅವಳು ಬದುಕಿರುವುದಿಲ್ಲ.

ಆ ಕಾಲವನ್ನು ನೆನೆಯದೆ ಆ ಪೇಚಾಟ ಅರ್ಥವಾಗದು. ಮನೆಗೆ ಫೋನ್ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಹೆದ್ದಾರಿ ಪಕ್ಕದ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನೊಳಗೆ ಜನ ಮೀಟರ್ ಓಡುವುದನ್ನೇ ನೋಡುತ್ತಾ ಮಾತು ಮುಗಿಸುತ್ತಿದ್ದರು. ಕರೆ ಮಾಡಿದವರು ಯಾರೆಂದು ತೋರಿಸುವ ಪರದೆ ಇರಲಿಲ್ಲ. ಕೋಲ್ಕತ್ತದಿಂದ ಜ್ಯೋತಿ ಬಸು ದೇಶದ ಮೊದಲ ಮೊಬೈಲ್ ಕರೆ ಮಾಡಿದ್ದು ಅದೇ 1995ರ ಜುಲೈ 31ರಂದು. ವಿಶ್ವನಾಥನ್ ಆನಂದ್ ನ್ಯೂಯಾರ್ಕಿನಲ್ಲಿ ಕಾಸ್ಪರೋವ್ ಎದುರು ವಿಶ್ವ ಪಟ್ಟಕ್ಕೆ ಆಡಿದ್ದೂ ಅದೇ ವರ್ಷ. ಚದುರಂಗದ ಮಣೆ ಕಂಡಿರದವರಿಗೂ ಆಗ ಗ್ರ್ಯಾಂಡ್‌ಮಾಸ್ಟರ್ ಅಂದರೆ ಏನೆಂದು ಗೊತ್ತಿತ್ತು.

ಇಲ್ಲಿ ಈ ಚಿತ್ರ ನೋಡಿದವರಲ್ಲಿ ಎರಡು ಬಗೆ. ಪಾವಗಡ ನಮ್ಮ ತುಮಕೂರು ಜಿಲ್ಲೆಯದೇ ತಾಲ್ಲೂಕು, ಅಲ್ಲಿ ತೆಲುಗು ಮನೆಮಾತು. ಅಲ್ಲಿಂದ ಬಂದು ಅಂತರಸನಹಳ್ಳಿಯ ಕಾರ್ಖಾನೆಗಳಲ್ಲಿ, ಮಂಡಿಗಳಲ್ಲಿ ದುಡಿದವರಲ್ಲಿ ಯಂಡಮೂರಿಯನ್ನು ಮೂಲದಲ್ಲೇ ಓದಿದವರಿದ್ದರು. ಕಾದಂಬರಿ ಓದಿದವರು ಸಿನಿಮಾವನ್ನು ಒಂದು ಬಗೆಯಲ್ಲಿ ನೋಡಿದರು, ಓದದವರು ಇನ್ನೊಂದು ಬಗೆಯಲ್ಲಿ. ಓದಿದವರಿಗೆ ಕೊನೆ ಮೊದಲೇ ಗೊತ್ತಿತ್ತು. ದೇಸಾಯಿ ಅದನ್ನು ಬದಲಿಸಿ ಮದುವೆ ಮಾಡಿಸಿಬಿಡುತ್ತಾರೇನೋ ಎಂಬ ಆತಂಕದಲ್ಲಿ ಕೂತವರು ಅವರು. ಓದದವರಿಗೆ ಅದು ಕಪಾಳಕ್ಕೆ ಬಿದ್ದ ಏಟು.

ಇಲ್ಲಿನ ತರಕಾರಿ ಮಾರುಕಟ್ಟೆಯಲ್ಲಿ ಈಚೆಗೆ ಈ ಮಾತು ಮತ್ತೆ ಎದ್ದಿತು. ಬೆಳಗಿನ ವ್ಯಾಪಾರ ಮುಗಿದಿತ್ತು. ಖಾಲಿ ಕ್ರೇಟುಗಳನ್ನು ಗೋಡೆಗೆ ಪೇರಿಸಿಟ್ಟು, ತೂಕದ ಚೀಟಿಗಳನ್ನು ತಂತಿಗೆ ಚುಚ್ಚುತ್ತಿದ್ದ ಹಿರಿಯ ಗುಮಾಸ್ತರೊಬ್ಬರು ತಲೆ ಎತ್ತದೆ ಹೇಳಿದರು: “ಅಷ್ಟೊತ್ತು ನಗಿಸಿ ಕೊನೇಲಿ ಅಳ್ಸಿ ಕಳ್ಸಿದ್ರಲ್ಲ ಸಾರ್, ಆ ಹುಡ್ಗೀನ ಉಳಿಸ್ಕೊಂಡಿದ್ರೆ ಅವ್ರ ಗಂಟೇನ್ ಹೋಗೋದು?” ಪಕ್ಕದಲ್ಲಿ ಟೊಮೆಟೊ ಆರಿಸುತ್ತಿದ್ದ ಹೆಂಗಸು ಒಪ್ಪಲಿಲ್ಲ. “ಉಳ್ದಿದ್ರೆ ನೀವು ಇವತ್ತು ಅವಳ ಮಾತು ಆಡ್ತಿದ್ರೇನಣ್ಣಾ?”

ನಾನು ಆ ಹೆಂಗಸಿನ ಪಕ್ಷ. ಆದರೆ ನನ್ನ ಕಾರಣ ಬೇರೆ. ಈ ಕಥೆಯ ಗಡುವು ಆಟಕ್ಕಾಗಿ ಹಾಕಿದ್ದಲ್ಲ. ಚದುರಂಗದಲ್ಲಿ ಇಬ್ಬರಿಗೂ ಒಂದೊಂದು ಗಡಿಯಾರ ಇರುತ್ತದೆ. ರೇವಂತನ ಗಡಿಯಾರ ಓಡುತ್ತಿದೆ ಎಂದು ನಾವು ನೋಡುತ್ತಾ ಕೂತಿರುತ್ತೇವೆ, ನಿಜವಾಗಿ ಮುಗಿಯುತ್ತಿರುವುದು ಅವಳದು. ಎರಡನೇ ಸಲ ನೋಡಿದರೆ ಅವಳ ಪ್ರತಿ ನಗುವಿನಲ್ಲೂ ಇದು ಕೇಳಿಸುತ್ತದೆ. ಕೊನೆಯನ್ನು ಕಿತ್ತರೆ ಒಗಟಿಗೇ ಬೆಲೆ ಇಲ್ಲ. ‘ತರ್ಕ’, ‘ಉತ್ಕರ್ಷ’, ‘ನಿಷ್ಕರ್ಷ’ ಮಾಡಿದ ನಿರ್ದೇಶಕ ಪತ್ತೇದಾರಿ ಚಿತ್ರದ ಬಿಗಿಯನ್ನು ಪ್ರೇಮಕಥೆಗೆ ತಂದದ್ದು ಇಲ್ಲಿ ಫಲ ಕೊಟ್ಟಿದೆ. ಆ ಹುಡುಗಿಯಾಗಿ ನಟಿಸಿದ ಸುಮನ್ ನಗರಕರ್ ಪಾತ್ರ ಚಿತ್ರದ ಬಹುಪಾಲು ಬರೀ ದನಿಯಾಗಿಯೇ ಉಳಿಯುತ್ತದೆ. ಆದರೂ ಆಟ ಕಟ್ಟುವವಳು ಹೆಣ್ಣು, ಬೆವರುವವನು ಗಂಡು. ಕನ್ನಡದಲ್ಲಿ ಇದು ಅಪರೂಪ, ಇದನ್ನು ಗುರುತಿಸಿ ಹೇಳಿದ್ದನ್ನು ನಾನು ವಿಮರ್ಶಕರಿಗಿಂತ ಹೆಚ್ಚಾಗಿ ಕಾಲೇಜು ಹುಡುಗಿಯರಿಂದ ಕೇಳಿದ್ದೇನೆ.

ಇಂದಿನ ಹುಡುಗರ ಆಕ್ಷೇಪ ಬೇರೆ. ಹೆಸರು ಹೇಳದೆ ಒಬ್ಬರಿಗೆ ಮತ್ತೆ ಮತ್ತೆ ಫೋನ್ ಮಾಡುವುದು ಕಿರುಕುಳವಲ್ಲವೇ, ಗಂಡು ಹೀಗೆ ಮಾಡಿದ್ದರೆ ಒಪ್ಪುತ್ತಿದ್ದಿರಾ ಎನ್ನುತ್ತಾರೆ. ಪ್ರಶ್ನೆ ಸರಿಯಾದದ್ದೇ, ತಳ್ಳಿಹಾಕುವಂತಿಲ್ಲ. ರೇವಂತ್ ಫೋನ್ ಇಟ್ಟುಬಿಡಬಹುದಿತ್ತು, ಇಡದೆ ಆಟಕ್ಕೆ ಒಪ್ಪಿದ ಎಂಬುದಷ್ಟೇ ನನ್ನ ಉತ್ತರ.

ಚಿತ್ರದ ಕೊನೆಯ ಬಗ್ಗೆ ಇನ್ನೊಂದು ಮಾತೂ ಇಲ್ಲಿ ಬರುತ್ತದೆ. ಅನಂತ್ ನಾಗ್ ಅವರ ತಮ್ಮ ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. ಅಂತರಸನಹಳ್ಳಿಯನ್ನು ಹಾದು ಶಿರಾ ಕಡೆಗೆ ಹೋಗುವ ಇದೇ ಹೆದ್ದಾರಿಯ ಮೇಲೆ. ಐದು ವರ್ಷದ ನಂತರ ಬಂದ ಈ ಚಿತ್ರದ ಕೊನೆಯನ್ನು ನೋಡುವಾಗ ಇಲ್ಲಿನ ಹಳೆಯ ಲಾರಿ ಚಾಲಕರಿಗೆ ಆ ಅಪಘಾತ ನೆನಪಾಗುತ್ತಿತ್ತು ಎಂದರೆ ನನಗೆ ಆಶ್ಚರ್ಯವಿಲ್ಲ.

ಆದರೂ ಗುಮಾಸ್ತರ ತಕರಾರನ್ನು ಈ ಒಂದು ಚಿತ್ರಕ್ಕೆ ಕಟ್ಟಿಹಾಕಿದರೆ ಅವರಿಗೆ ಅನ್ಯಾಯವಾದೀತು. ಕನ್ನಡ ಸಿನಿಮಾ ಕಾದಂಬರಿಯ ಬಾಗಿಲಿಗೆ ಹೋದಾಗಲೆಲ್ಲ ಬಹುಮಟ್ಟಿಗೆ ಕಣ್ಣೀರನ್ನೇ ಹೊತ್ತು ತಂದಿದೆ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯ ಚಂದ್ರಾ ಪ್ರಾಣ ಬಿಡುತ್ತಾಳೆ, ತ್ರಿವೇಣಿಯವರ ‘ಶರಪಂಜರ’ದ ಕಾವೇರಿಗೆ ಹುಚ್ಚು ಹಿಡಿಯುತ್ತದೆ, ಉಷಾ ನವರತ್ನರಾಂ ಅವರ ‘ಬಂಧನ’ದಲ್ಲಿ ವಿಷ್ಣುವರ್ಧನ್ ಸಾಯುತ್ತಾರೆ. ಮೂರೂ ದೊಡ್ಡ ಚಿತ್ರಗಳು, ಪ್ರಶ್ನೆಯೇ ಇಲ್ಲ. ಆದರೆ ಪ್ರೀತಿಸಿದವರನ್ನು ಬದುಕಿಸಿ ನಗಿಸುವ ಕಾದಂಬರಿಯನ್ನು ಹುಡುಕಿ ಹೋದವರು ಎಷ್ಟು ಮಂದಿ?

ನಗು ನಮಗೆ ಹೊಸದಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಇದೇ ನೆಲದ್ದು. ಅದರ ಗುಬ್ಬಿ ವೀರಣ್ಣನವರು ‘ಸದಾರಮೆ’ ನಾಟಕದ ಕಳ್ಳನಾಗಿ ಬಂದರೆ ನಾಯಕನನ್ನು ಮರೆತು ಜನ ಕಳ್ಳನಿಗೇ ಚಪ್ಪಾಳೆ ತಟ್ಟುತ್ತಿದ್ದರು ಎಂದು ಹಿರಿಯರು ಹೇಳುತ್ತಿದ್ದರು. ಸಿನಿಮಾಕ್ಕೆ ಬಂದರೆ, 1990ರಲ್ಲಿ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯಲ್ಲಿ ಇದೇ ಅನಂತ್ ನಾಗ್, ವಿನಯಾ ಪ್ರಸಾದ್ ಒಂದೇ ವಠಾರದಲ್ಲಿ ಕಚ್ಚಾಡುತ್ತಾ, ಕಾಗದದಲ್ಲಿ ಒಬ್ಬರನ್ನೊಬ್ಬರು ಗುರುತೇ ಇಲ್ಲದೆ ಪ್ರೀತಿಸುತ್ತಾರೆ. ಅಲ್ಲಿ ಕಾಗದ, ಇಲ್ಲಿ ಫೋನ್. ಎರಡರಲ್ಲೂ ಕಾಣದವರ ಮೇಲಿನ ಒಲವು. ಒಂದು ಮದುವೆಯಲ್ಲಿ ಮುಗಿಯುತ್ತದೆ, ಇನ್ನೊಂದು ಸಾವಿನಲ್ಲಿ. ‘ಬೆಳದಿಂಗಳ ಬಾಲೆ’ಯನ್ನು ಜನ ಗೌರವದಿಂದ ನೆನೆಯುತ್ತಾರೆ. ‘ಗಣೇಶನ ಮದುವೆ’ ಟಿವಿಯಲ್ಲಿ ಬಂದರೆ ಊಟದ ತಟ್ಟೆ ಹಿಡಿದು ಅಲ್ಲೇ ಕೂರುತ್ತಾರೆ. ಇದೂ ಅಭಿಪ್ರಾಯವೇ, ಬರೆದು ತಿಳಿಸದ ಅಭಿಪ್ರಾಯ.

ಈಚಿನ ಲೆಕ್ಕದಲ್ಲಿ ಸಮಾಧಾನ ಕೊಡುವುದು ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಕಥೆಗಳಿಂದ ಬಂದ ಚಿತ್ರಗಳು. 2016ರಲ್ಲಿ ‘ಕಿರಗೂರಿನ ಗಯ್ಯಾಳಿಗಳು’ ಬಂತು. 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಬಂತು. ತೇಜಸ್ವಿಯವರನ್ನು ಓದಿದ ಅಭಿಮಾನಿಗಳೇ ಕೈಯಿಂದ ಹಣ ಹಾಕಿ ಮಾಡಿದ ಚಿತ್ರ ಅದು. ಎರಡೂ ಪ್ರೇಮಕಥೆಗಳಲ್ಲ, ಎರಡನೆಯದು ಕಾದಂಬರಿಯೂ ಅಲ್ಲ. ಆದರೆ ಪುಸ್ತಕದ ನಗುವನ್ನು ತೆರೆಗೆ ತಂದರೆ ಜನ ಬರುತ್ತಾರೆ ಎಂದು ಅವು ತೋರಿಸಿವೆ. ಬೀchiಯವರ ನಗೆ ಕಾದಂಬರಿಗಳು ಗ್ರಂಥಾಲಯದ ಕಪಾಟಿನಲ್ಲಿ ಇನ್ನೂ ಇವೆ. ಮಂಡಿಯ ಗುಮಾಸ್ತರು ಕೇಳುತ್ತಿರುವ ಚಿತ್ರ ಅಲ್ಲೆಲ್ಲೋ ಕೂತಿದೆ, ನಿರ್ಮಾಪಕರು ಅದನ್ನು ತೆಗೆದು ಓದಲಿ.