ಗಡಿಯಾರವೂ ನ್ಯಾಯವೂ

ನಮ್ಮ ವಾರ್ಷಿಕ ಕ್ರೀಡೋತ್ಸವಕ್ಕೆ ವಿದ್ಯುನ್ಮಾನ ಕಾಲಮಾಪಕವನ್ನು ಕೊಳ್ಳಬೇಕೆಂದು ನಾವು ಸೂಚಿಸಿದಾಗ, ಹೆಣ್ಣುಮಕ್ಕಳ ಓಟಕ್ಕೆ ಇಷ್ಟು ವೆಚ್ಚವೇತಕ್ಕೆಂದು ಪೋಷಕರಲ್ಲಿ ಕೆಲವರು ಕೇಳಿದರು. 1984ರಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ ಕೂಟದಲ್ಲಿ ಪಿ. ಟಿ. ಉಷಾ ಅವರು 400 ಮೀಟರ್ ಹರ್ಡಲ್ಸ್ ಓಟವನ್ನು 55.42 ಸೆಕೆಂಡುಗಳಲ್ಲಿ ಮುಗಿಸಿದರು. ಕಂಚಿನ ಪದಕವು 55.41ರಲ್ಲಿ ಮುಗಿಸಿದ ರುಮೇನಿಯಾದ ಓಟಗಾರ್ತಿಗೆ ಸಂದಿತು. ಸೆಕೆಂಡಿನ ಆ ನೂರನೆಯ ಒಂದು ಪಾಲನ್ನು ಯಾವ ಕಣ್ಣು ತಾನೇ ಕಂಡೀತು?

ನಮ್ಮ ತಪ್ಪನ್ನೇ ಹೇಳುವೆವು. ಒಮ್ಮೆ 100 ಮೀಟರ್ ಓಟದ ಕೊನೆಯ ಗೆರೆಯಲ್ಲಿ ಗಡಿಯಾರ ಹಿಡಿದು ನಿಂತಿದ್ದ ನಾವು, ಪಿಸ್ತೂಲಿನ ಹೊಗೆಯನ್ನು ನೋಡದೆ ಶಬ್ದವನ್ನು ಕೇಳಿ ಗುಂಡಿಯನ್ನೊತ್ತಿದೆವು. ಶಬ್ದವು ಅಷ್ಟು ದೂರ ಬರಲು ಸುಮಾರು 0.3 ಸೆಕೆಂಡು ಹಿಡಿಯುತ್ತದೆ. ಹೀಗೆ ಕಡಮೆಯಾದ ಕಾಲವು ಶಾಲೆಯ ದಾಖಲೆಯೆಂದು ಫಲಕವನ್ನೇರಿತು. ಬಹುಶಃ ಅದಕ್ಕಿಂತ ವೇಗವಾಗಿ ಓಡಿದವಳೊಬ್ಬಳು ಮರುವರ್ಷ ಬರಿಗೈಯಲ್ಲಿ ಶಾಲೆಯನ್ನು ಬಿಟ್ಟಳು. ಅವಳೂ ಈ ಸಂಚಿಕೆಯನ್ನು ಓದುವಳು.

ಯಂತ್ರದ ಏರ್ಪಾಡಿನಲ್ಲಿ ಪಿಸ್ತೂಲೇ ಗಡಿಯಾರವನ್ನು ಚಾಲೂ ಮಾಡುತ್ತದೆ. ಗೆರೆಯ ನೇರಕ್ಕೆ ಎತ್ತರದಲ್ಲಿಟ್ಟ ಕ್ಯಾಮೆರಾವು ಆ ಗೆರೆಯೊಂದನ್ನೇ ನೋಡುತ್ತದೆ. ಬಾಗಿದ ತಲೆಯಲ್ಲ, ಚಾಚಿದ ಕೈಯಲ್ಲ, ಮುಂಡವು ಗೆರೆಯನ್ನು ತಲುಪಿದ ಕ್ಷಣವೇ ಲೆಕ್ಕ. ಆದರೆ ಕ್ಯಾಮೆರಾ ಓರೆಯಾದರೆ ಯಂತ್ರವೂ ಸುಳ್ಳಾಡೀತು. ಆದುದರಿಂದ ಹಿಂದಿನ ದಿನವೇ ಅದನ್ನು ಜೋಡಿಸಿ ಪರೀಕ್ಷಿಸುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿನಿಯರನ್ನೇ ತರಬೇತುಗೊಳಿಸಬೇಕೆಂಬುದು ನಮ್ಮ ಅಭಿಪ್ರಾಯ. ಮುಂಬಾಗಿಲಿನ ಹೊಸ ಕಮಾನು ಇನ್ನೊಂದು ವರ್ಷ ಕಾಯಲಿ.