ಅನಾತೋತಿನ ಹೊಲದ ಕ್ರಯಪತ್ರ

"ದೇವರ ಮೇಲೆ ಭಾರ ಹಾಕಿ ಸುಮ್ಮನಿರಿ" ಎಂಬ ಮಾತು ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕೇಳಿಬರದ ದಿನವಿಲ್ಲ. ಕಾಯಿಲೆಯವರ ಮಂಚದ ಬಳಿ, ಮಕ್ಕಳ ಪರೀಕ್ಷೆಯ ಫಲಿತಾಂಶದ ಮುನ್ನಾದಿನ, ಮಗಳಿಗೆ ಸಂಬಂಧ ಕೂಡಿಬಾರದೆ ವರ್ಷಗಳು ಉರುಳುವಾಗ, ಮಳೆ ಕೈಕೊಟ್ಟು ಬಿತ್ತಿದ ಬೀಜ ಒಣಗುವಾಗ ಒಬ್ಬರು ಇನ್ನೊಬ್ಬರಿಗೆ ಇದನ್ನು ಹೇಳುತ್ತಾರೆ. ಬಲಿಪೀಠದ ಪಕ್ಕದಲ್ಲಿ ನಿಂತು ನಾವೂ ಎಷ್ಟೋ ಸಲ ಹೇಳಿದ್ದೇವೆ. ಮಾತಿನ ಮೊದಲರ್ಧ ಪವಿತ್ರ ಗ್ರಂಥಕ್ಕೆ ಸೇರಿದ್ದು. ಕೀರ್ತನೆಗಳಲ್ಲಿಯೂ ಸಂತ ಪೇತ್ರರ ಮೊದಲನೆಯ ಪತ್ರದಲ್ಲಿಯೂ ಆ ಬೋಧೆಯುಂಟು. ಉಳಿದರ್ಧವಾದ 'ಸುಮ್ಮನಿರಿ' ಎಂಬುದು ಎಲ್ಲಿಂದ ಬಂದು ಅಂಟಿಕೊಂಡಿತೆಂದು ಯೋಚಿಸಬೇಕಾದ ಪ್ರಸಂಗವೊಂದು ನಮಗೆ ಒದಗಿತು.

ನಮ್ಮ ಧರ್ಮಕೇಂದ್ರದ ಒಬ್ಬ ಗೃಹಸ್ಥರು ಗಾರೆ ಕೆಲಸದಿಂದ ಸಂಸಾರ ಸಾಗಿಸಿದವರು. ಭಾನುವಾರದ ಬಲಿಪೂಜೆಯನ್ನು ತಪ್ಪಿಸಿದವರಲ್ಲ. ಅವರ ಮನೆಯಲ್ಲಿ ಸಂಜೆಯ ಜಪಸರ ನಿಂತ ದಿನವಿಲ್ಲ. ಬಹುಕಾಲದಿಂದ ಸಕ್ಕರೆ ಕಾಯಿಲೆ, ಕೆಲವು ವರ್ಷಗಳಿಂದ ಇನ್ಸುಲಿನ್ ಸೂಜಿ. ಯಾವುದೋ ಊರಿನ ಪ್ರಾರ್ಥನಾಕೂಟಕ್ಕೆ ಹೋಗಿಬಂದ ಮೇಲೆ ಅವರು ಸೂಜಿಯನ್ನು ನಿಲ್ಲಿಸಿದರು. ದೇವರನ್ನು ನಂಬಿದವನಿಗೆ ಔಷಧಿಯ ಹಂಗೇಕೆ ಎಂದು ಅಲ್ಲಿ ಯಾರೋ ಕೇಳಿದ್ದರಂತೆ. ಹೆಂಡತಿ ಅತ್ತರು, ಬೇಡಿಕೊಂಡರು. ನಿನಗೆ ವಿಶ್ವಾಸವಿಲ್ಲ ಎಂಬ ಉತ್ತರ ಬಂತು. ಅಂಗಾಲಿನ ಸಣ್ಣ ಗಾಯ ಕೊಳೆತು, ಕಡೆಗೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ನಾವು ಪಕ್ಕದಲ್ಲಿ ಕುಳಿತಾಗ ಅವರು ಕಾಲಿನ ಮಾತೆತ್ತಲಿಲ್ಲ. "ಸ್ವಾಮಿ, ನನ್ನ ವಿಶ್ವಾಸ ಎಲ್ಲಿ ಕಡಿಮೆಯಾಯಿತು?" ಎಂದು ಕೇಳಿದರು.

ಆ ಕೂಟದವರನ್ನು ಹಳಿದು ಕೈತೊಳೆದುಕೊಳ್ಳುವುದು ನಮಗೆ ಸುಲಭವಾಗಿತ್ತು. ಆದರೆ ತಪಸ್ಸುಕಾಲದ ಎರಡನೆಯ ಭಾನುವಾರ, ಧರ್ಮಸಭೆಯು ಪ್ರತಿ ವರ್ಷವೂ ಅಬ್ರಹಾಮನ ವೃತ್ತಾಂತವನ್ನು ಓದಿಸುವ ಆ ದಿನ, ಅವನು ಲೆಕ್ಕ ಹಾಕಲಿಲ್ಲ, ಪ್ರಶ್ನೆ ಕೇಳಲಿಲ್ಲ, ಹೊರಟುಬಿಟ್ಟ ಎಂದು ಘಂಟಾಘೋಷವಾಗಿ ಸಾರಿದವರು ನಾವೇ. ಅವರು ಮೂರನೆಯ ಸಾಲಿನಲ್ಲಿ ಕುಳಿತು ಕೇಳಿದ್ದರು. ನಾವು ಹೇಳಿದುದು ಪೂರ್ಣ ಸತ್ಯವೂ ಆಗಿರಲಿಲ್ಲ. ಆದಿಕಾಂಡದ 15ನೇ ಅಧ್ಯಾಯದಲ್ಲಿ, ಈ ನಾಡು ತನ್ನದಾಗುವುದೆಂದು ತಿಳಿಯುವುದು ಹೇಗೆಂದು ಅಬ್ರಹಾಮನು ದೇವರನ್ನೇ ಕೇಳುತ್ತಾನೆ. ಸೊದೋಮಿನ ಸಲುವಾಗಿ ಐವತ್ತರಿಂದ ಹತ್ತರವರೆಗೆ ಚೌಕಾಸಿ ಮಾಡುತ್ತಾನೆ. ನಾಡೆಲ್ಲ ನಿನ್ನದೆಂಬ ವಾಗ್ದಾನ ಕೈಯಲ್ಲಿದ್ದರೂ, ಹೆಂಡತಿ ಸಾರಳನ್ನು ಮಣ್ಣು ಮಾಡಲು 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಮಕ್ಪೇಲದ ಗವಿಯನ್ನು ಕೊಂಡುಕೊಳ್ಳುತ್ತಾನೆ. ಪ್ರಬೋಧನೆಯ ಹತ್ತು ನಿಮಿಷಕ್ಕೆ ಇವೆಲ್ಲ ಅಡ್ಡಬರುತ್ತವೆಂದು ನಾವು ಬಿಟ್ಟಿದ್ದೆವು.

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಸೆಮಿನರಿಯಲ್ಲಿ ದೇವರ ಪರಿಪಾಲನೆಯ ಕುರಿತು ಪುಟಗಟ್ಟಲೆ ಉತ್ತರ ಬರೆದು ಅಂಕ ಗಳಿಸಿದವರಿಗೆ ಒಂದು ಕಾಲಿನ ಮುಂದೆ ಬಾಯಿ ಕಟ್ಟಿತು. ಬಳಿಕ ಪ್ರವಾದಿ ಯೆರೆಮೀಯನ ಗ್ರಂಥದ 32ನೇ ಅಧ್ಯಾಯವು ನಮಗೆ ದಾರಿ ತೋರಿತು. ಅದು ಒಂದು ಹೊಲದ ವ್ಯವಹಾರದ ಕಥೆ.

ರಾಜ ಚಿದ್ಕೀಯನ ಆಳ್ವಿಕೆಯ ಹತ್ತನೆಯ ವರ್ಷ. ಬಾಬಿಲೋನಿನ ಸೇನೆ ಜೆರುಸಲೇಮನ್ನು ಮುತ್ತಿದೆ; ಗೋಡೆಗೆ ಒತ್ತಿ ಮಣ್ಣಿನ ದಿಬ್ಬ ಏರುತ್ತಿದೆ; ಊರೊಳಗೆ ಕ್ಷಾಮ. ನಗರವು ಶತ್ರುವಿನ ಪಾಲಾಗುವುದೆಂದು ಸಾರಿದ ತಪ್ಪಿಗೆ ಯೆರೆಮೀಯನು ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಾಗಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಜೆರುಸಲೇಮಿನ ಈಶಾನ್ಯಕ್ಕೆ ನಾಲ್ಕೈದು ಕಿಲೋಮೀಟರ್ ದೂರದ ಆ ಊರು ಶತ್ರುಸೇನೆ ಹಬ್ಬಿದ ಸೀಮೆಯಲ್ಲೇ ಇತ್ತು. ತಕರಾರಿನ ಜಮೀನೆಂದು ಗೊತ್ತಾದರೆ ನಮ್ಮ ಜನ ಮುಂಗಡ ಕೊಡುವುದಿಲ್ಲ. ಇಲ್ಲಿ ತಕರಾರು ಹೂಡಿದವನು ಚಕ್ರವರ್ತಿ ನೆಬೂಕದ್ನೆಚ್ಚರ!

ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಅನಾತೋತು ಯೆರೆಮೀಯನ ಹುಟ್ಟೂರು. ಪ್ರವಾದನೆ ನಿಲ್ಲಿಸದಿದ್ದರೆ ಕೊಲ್ಲುತ್ತೇವೆಂದು ಅವನನ್ನು ಬೆದರಿಸಿದವರು ಆ ಊರಿನವರೇ; ಸ್ವಂತ ಸಹೋದರರೇ ಅವನಿಗೆ ದ್ರೋಹ ಬಗೆದರೆಂದು 12ನೇ ಅಧ್ಯಾಯ ಹೇಳುತ್ತದೆ. ಅಂಥ ಊರಿನ ಹೊಲವನ್ನು ಅಂಥ ಬಂಧುಬಳಗದವನಿಂದ ಅವನು ಕೊಳ್ಳಬೇಕು. ಆಸ್ತಿ ಪಾಲಾದ ಮೇಲೆ ಅಣ್ಣನ ಮನೆಯ ಹೊಸ್ತಿಲು ತುಳಿಯದ ಕುಟುಂಬಗಳು ನಮ್ಮಲ್ಲಿ ಇಲ್ಲದಿಲ್ಲವಾದ್ದರಿಂದ ಈ ಮಾತನ್ನು ಇಷ್ಟಕ್ಕೇ ಬಿಡುತ್ತೇವೆ.

ಯೆರೆಮೀಯನು ಹೊಲವನ್ನು ಕೊಂಡನು. ಹೇಗೆಂಬುದನ್ನು ಪವಿತ್ರ ಗ್ರಂಥವು ಉಪನೋಂದಣಾಧಿಕಾರಿಯ ಗುಮಾಸ್ತನಂತೆ ಒಂದೂ ಬಿಡದೆ ದಾಖಲಿಸಿದೆ. ಬೆಲೆ 17 ಶೆಕೆಲ್ ಬೆಳ್ಳಿ. ಇಂದಿನ ತೂಕದಲ್ಲಿ ಸುಮಾರು 200 ಗ್ರಾಂ. ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದನು. ಕ್ರಯಪತ್ರ ಬರೆದು ರುಜು ಹಾಕಿ ಮುದ್ರೆಯೊತ್ತಿದನು. ಸಾಕ್ಷಿಗಳು ರುಜು ಹಾಕಿದರು. ಮುದ್ರೆ ಹಾಕಿದ್ದೊಂದು ಪ್ರತಿ, ತೆರೆದದ್ದೊಂದು ಪ್ರತಿ. ಎರಡನ್ನೂ ಎಲ್ಲರ ಕಣ್ಣೆದುರಿಗೆ ಬಾರೂಕನ ಕೈಗಿತ್ತು, ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿಡೆಂದು ಅಪ್ಪಣೆ ಮಾಡಿದನು. ಮಣ್ಣಿನ ಮಡಕೆ ಎಷ್ಟು ಕಾಲ ಕಾಪಾಡಬಲ್ಲದೆಂಬುದಕ್ಕೆ 1947ರಿಂದೀಚೆಗೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ದೊರೆತ ಸುರುಳಿಗಳೇ ಸಾಕ್ಷಿ. ಮಡಕೆಗಳಲ್ಲಿಟ್ಟ ಕೆಲವು ಸುರುಳಿಗಳು ಸುಮಾರು ಎರಡು ಸಾವಿರ ವರ್ಷ ಬಾಳಿದ್ದವು. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಾತೋಟಗಳ ಕ್ರಯವಿಕ್ರಯ ನಡೆಯುವುದೆಂಬುದೇ ದೇವರು ಕೊಟ್ಟ ವಾಗ್ದಾನ. ವಾಗ್ದಾನ ದೇವರದು ಎಂದು ಯೆರೆಮೀಯನು ಸಾಕ್ಷಿಗಳನ್ನು ಕರೆಯದೆ ಬಿಡಲಿಲ್ಲ.

ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಮುಂದಿನ ಭಾಗ. ಪತ್ರ ಮಡಕೆ ಸೇರಿದ ಮೇಲೆ ಪ್ರವಾದಿಯು ಪ್ರಾರ್ಥಿಸುತ್ತಾನೆ. ಸೃಷ್ಟಿಯನ್ನೂ ಈಜಿಪ್ಟಿನಿಂದಾದ ಬಿಡುಗಡೆಯನ್ನೂ ಸ್ತುತಿಸುತ್ತ ಹೋಗಿ, ಕೊನೆಯಲ್ಲಿ ಅವನ ದನಿ ತಡವರಿಸುತ್ತದೆ: ನಗರ ಶತ್ರುವಿನ ಕೈಸೇರುತ್ತಿರುವಾಗ ಹೊಲ ಕೊಂಡುಕೋ ಎಂದೆಯಲ್ಲ, ಪ್ರಭುವೇ! ಅಲ್ಲಿಗೆ ಪ್ರಾರ್ಥನೆ ಮುಗಿಯುತ್ತದೆ. ದೇವರು ಗದರುವುದಿಲ್ಲ, ತನಗೆ ಅಸಾಧ್ಯವಾದುದುಂಟೇ ಎಂದು ಮರುಪ್ರಶ್ನೆ ಹಾಕುತ್ತಾರೆ. ವಿಧೇಯತೆ ಮೊದಲು, ಸಂದೇಹ ಆಮೇಲೆ. ಸಂದೇಹವೆಲ್ಲ ತೀರಿದ ಮೇಲೆಯೇ ಭರವಸೆ ಹುಟ್ಟುವುದೆಂದು ನಾವು ಎಣಿಸಿದ್ದೆವು. ಯೆರೆಮೀಯನ ಎದೆಯಲ್ಲಿ ಅವೆರಡೂ ಒಟ್ಟಿಗೆ ಇದ್ದವು.

ಇದಕ್ಕೆ ಕೆಲವು ವರ್ಷ ಮೊದಲು ದೇವಾಲಯದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಎದ್ದು ನಿಂತಿದ್ದನು. ಎರಡೇ ವರ್ಷ, ಆಮೇಲೆ ಎಲ್ಲ ಸರಿಹೋಗುತ್ತದೆ, ಸೆರೆಯಾಗಿ ಹೋದವರು ಮರಳುತ್ತಾರೆ ಎಂದು ದೇವರ ಹೆಸರಿನಲ್ಲಿ ಅವಧಿ ಹಾಕಿಕೊಟ್ಟು, ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿದನು. ಜನಕ್ಕೆ ಎಷ್ಟು ಹಿತವಾಗಿರಬೇಕು! ಯೆರೆಮೀಯನಾದರೋ ಆಮೆನ್, ಹಾಗೆಯೇ ಆಗಲಿ ಎಂದನು. ಅವನಿಗೂ ಅದೇ ಬೇಕಿತ್ತು. ಆದರೂ ಅದು ದೇವರ ಮಾತಲ್ಲವೆಂದು ಹೇಳದೆ ಬಿಡಲಿಲ್ಲ. ಗಡಿಪಾರಾದವರಿಗೆ ಅವನು ಬರೆದ ಪತ್ರದಲ್ಲಿದ್ದುದು ಎಪ್ಪತ್ತು ವರ್ಷದ ಲೆಕ್ಕ: ಅಲ್ಲಿಯೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ. ಇಂದಿಗೂ ಹನನ್ಯನ ಸಭೆಗೇ ಜನ ಹೆಚ್ಚು. ಇಷ್ಟು ವಾರದ ನೊವೆನಾ, ಇಷ್ಟು ದಿನದ ಉಪವಾಸ, ಆಮೇಲೆ ಕೇಳಿದ್ದು ಕೈಗೆ ಬರುವುದು ಖಂಡಿತ ಎಂದು ಬರೆದ ಚೀಟಿಗಳು ನಮ್ಮ ದೇವಾಲಯಗಳ ಬೆಂಚುಗಳ ಮೇಲೂ ಕಾಣಸಿಗುತ್ತವೆ. ನೊವೆನಾ ಒಳ್ಳೆಯದು, ಪ್ರೇಷಿತರು ಮಾತೆ ಮರಿಯಮ್ಮನವರೊಡನೆ ಮೇಲಂತಸ್ತಿನ ಕೋಣೆಯಲ್ಲಿ ಪವಿತ್ರಾತ್ಮರಿಗಾಗಿ ಕಾದುದೇ ಅದರ ಮಾದರಿ. ಅವರು ಕಾದರು. ದೇವರಿಗೆ ಗಡುವು ಕೊಡಲಿಲ್ಲ.

ಸಂತ ಥಾಮಸ್ ಅಕ್ವಿನಾಸರು ಭರವಸೆಗೆ ವಿರುದ್ಧವಾದ ಪಾಪಗಳು ಎರಡೆಂದು ಬೋಧಿಸಿದ್ದಾರೆ: ಒಂದು ಹತಾಶೆ, ಇನ್ನೊಂದು ಅತಿಭರವಸೆ. ಮೊದಲನೆಯದನ್ನು ಜನ ಪಾಪನಿವೇದನೆಯಲ್ಲಿ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ಹೇಳಿದವರು ನಮ್ಮ ಅನುಭವದಲ್ಲಿ ಬಹಳ ವಿರಳ. ಅದು ಭಕ್ತಿಯ ಉಡುಪು ತೊಟ್ಟು ಬರುವುದೇ ಇದಕ್ಕೆ ಕಾರಣ. ದೇವಾಲಯದ ತುದಿಯಿಂದ ಧುಮುಕು, ದೂತರು ಎತ್ತಿಹಿಡಿಯುತ್ತಾರೆ ಎಂದು ಸೈತಾನನು ಪ್ರಭು ಯೇಸುವಿಗೆ ಹೇಳಿದ್ದು ಕೀರ್ತನೆಯ ಆಧಾರದ ಮೇಲೆಯೇ. ಮೆಟ್ಟಿಲಿರುವಾಗ ಧುಮುಕುವುದು ದೇವರನ್ನು ಪರೀಕ್ಷಿಸಿದಂತೆ. ಅದೇ ಸಂತರು ಇನ್ನೊಂದು ಮಾತನ್ನೂ ಹೇಳುತ್ತಾರೆ: ದೇವರು ಲೋಕವನ್ನು ನಡೆಸುವುದು ಸೃಷ್ಟಿಗಳ ಮುಖಾಂತರ; ಕೈಲಾಗದೆಂದಲ್ಲ, ಕಾರಣವಾಗುವ ಗೌರವವನ್ನು ಸೃಷ್ಟಿಗಳಿಗೂ ಹಂಚಬೇಕೆಂದು. ಪವಿತ್ರ ಗ್ರಂಥದಲ್ಲಿ ಇದು ಪುಟಪುಟದಲ್ಲಿಯೂ ಉಂಟು. ರಾಜ ಹಿಜ್ಕೀಯನು ಕಣ್ಣೀರಿಟ್ಟು ಪ್ರಾರ್ಥಿಸಿ 15 ವರ್ಷದ ಆಯುಷ್ಯ ಪಡೆದಾಗಲೂ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಹಣ್ಣಿನ ಪಟ್ಟು ಹಾಕಿಸಿದನು. ಯೆರೆಮೀಯನನ್ನು ಕೆಸರಿನ ಬಾವಿಯಿಂದ ಮೇಲೆತ್ತಿದ್ದು ಎಬೆದ್ಮೆಲೆಕನೆಂಬ ಕೂಷ್ ದೇಶದವನು. ಹಗ್ಗ ಕೊಯ್ಯಬಾರದೆಂದು ಕಂಕುಳಿಗೆ ಹಳೆಯ ಚಿಂದಿಬಟ್ಟೆ ಇಳಿಬಿಟ್ಟನಂತೆ. ಕೆಂಪು ಸಮುದ್ರದ ದಡದಲ್ಲಿ ಮೋಶೆಯು ಜನರಿಗೆ ಸುಮ್ಮನಿರಿ ಎಂದದ್ದು ನಿಜ. ಮರುವಾಕ್ಯದಲ್ಲೇ ದೇವರು, ನನಗೇಕೆ ಮೊರೆಯಿಡುತ್ತೀ, ಮುಂದೆ ನಡೆಯಲು ಹೇಳು ಎನ್ನುತ್ತಾರೆ. ಇನ್ನು ಸಿರಾಖನ ಗ್ರಂಥದ 38ನೇ ಅಧ್ಯಾಯವಂತೂ ವೈದ್ಯನನ್ನು ಗೌರವಿಸು, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ, ಪ್ರಾರ್ಥನೆಯನ್ನೂ ಮಾಡು, ವೈದ್ಯನಿಗೂ ಎಡೆಕೊಡು ಎಂದು ಬಿಚ್ಚಿ ಹೇಳುತ್ತದೆ. ನಮ್ಮ ಕಥೋಲಿಕ ಬೈಬಲಿನಲ್ಲಿರುವ ಈ ಅಧ್ಯಾಯವನ್ನು ನಮ್ಮವರೇ ಓದದಿರುವುದು ದುಃಖದ ಸಂಗತಿ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ರೋಗಿಗೆ ನಿನ್ನ ವಿಶ್ವಾಸ ಸಾಲದು ಎನ್ನುವವರು ಯೋಬನ ಗೆಳೆಯರ ಸಾಲಿಗೆ ಸೇರಿದವರು. ಆ ಗೆಳೆಯರ ಮೇಲೆ ದೇವರು ಕೋಪಿಸಿಕೊಂಡರೆಂಬುದನ್ನು ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಓದಬಹುದು. ಪ್ರಾರ್ಥನೆಯಿಂದ ಗುಣವಾಯಿತೆಂದು ನಮ್ಮ ದೇವಾಲಯದಲ್ಲಿ ಸಾಕ್ಷಿ ಹೇಳುವವರು ನುಂಗಿದ ಮಾತ್ರೆಯನ್ನೂ ಹೇಳಲಿ. ಅದರಿಂದ ದೇವರ ಮಹಿಮೆ ಕುಗ್ಗದು. ಗುರುಗಳಾದ ನಾವೂ ಅಬ್ರಹಾಮನ ಕಥೆಯನ್ನು ಅರ್ಧಕ್ಕೇ ನಿಲ್ಲಿಸುವುದನ್ನು ಬಿಡಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಆ ಗೃಹಸ್ಥರಿಗೆ ಪ್ರತಿ ತಿಂಗಳ ಮೊದಲ ಶುಕ್ರವಾರ ಮನೆಗೇ ಪರಮಪ್ರಸಾದ ಒಯ್ಯುತ್ತೇವೆ. ಒಂದು ಶುಕ್ರವಾರ ಈ 32ನೇ ಅಧ್ಯಾಯವನ್ನು ಅವರಿಗೆ ಪೂರ್ತಿ ಓದಿದೆವು. ನಿಮ್ಮ ವಿಶ್ವಾಸ ಕಡಿಮೆಯಾಗಿರಲಿಲ್ಲ, ನಿಮಗೆ ಹೇಳಿಕೊಟ್ಟದ್ದರಲ್ಲಿ ಕೊರತೆಯಿತ್ತು, ಅದರಲ್ಲಿ ನಮ್ಮ ಪಾಲೂ ಉಂಟು ಎಂದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಹೊಲದ ವಿಚಾರ.

"ಆ ಹೊಲದಲ್ಲಿ ಅವರು ಬೆಳೆ ತೆಗೆದರೇ, ಸ್ವಾಮಿ?"

ಇಲ್ಲವೆಂದೆವು. ನಗರ ಬಿದ್ದ ಮೇಲೆ ಉಳಿದವರು ಯೆರೆಮೀಯನ ಮಾತನ್ನು ಮೀರಿ ಈಜಿಪ್ಟಿಗೆ ಹೊರಟರು, ಅವನನ್ನೂ ಕರೆದೊಯ್ದರು. ಅವನು ಮರಳಿದ ಸುದ್ದಿ ಗ್ರಂಥದಲ್ಲಿಲ್ಲ. ಆದರೆ ಚಕ್ರವರ್ತಿ ಸೈರಸನು ಕ್ರಿ.ಪೂ. 538ರಲ್ಲಿ ಅಪ್ಪಣೆ ಕೊಟ್ಟ ಬಳಿಕ ಬಾಬಿಲೋನಿನಿಂದ ಹಿಂತಿರುಗಿದವರ ಪಟ್ಟಿಯೊಂದು ಎಜ್ರನ ಗ್ರಂಥದಲ್ಲಿದೆ, ಎರಡನೆಯ ಅಧ್ಯಾಯ. ಅದನ್ನು ತೆಗೆದು ಓದಿ ತೋರಿಸಿದೆವು: ಅನಾತೋತಿನವರು 128 ಮಂದಿ.

"ನೂರ ಇಪ್ಪತ್ತೆಂಟು" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಅವರ ಹೆಂಡತಿ ಒಳಗಿನಿಂದ ಸೂಜಿಯನ್ನೂ ಮದ್ದಿನ ಸೀಸೆಯನ್ನೂ ತಂದರು. ಮನೆಯಲ್ಲಿ ಫ್ರಿಜ್ ಇಲ್ಲದ ಕಾರಣ ಸೀಸೆಯನ್ನು ಒದ್ದೆ ಮರಳಿನ ನಡುವೆ ಮಡಕೆಯಲ್ಲಿಟ್ಟಿರುತ್ತಾರೆ. ಅವರು ಅಂಗಿಯನ್ನು ಮೇಲೆತ್ತಿ, ಶಿಲುಬೆಯ ಗುರುತು ಹಾಕಿಕೊಂಡು, ತಾವೇ ಚುಚ್ಚಿಕೊಂಡರು.